ಬಿಟ್ಟ ಕ್ಯಾಚು ಯಾರ ಲೆಕ್ಕಕ್ಕೆ?

ಬಳ್ಳಾರಿಯ ಟೆನ್ನಿಸ್ ಬಾಲ್ ಟೂರ್ನಿಗಳಲ್ಲಿ ಸ್ಕೋರ್ ಬರೆಯೋಕೆ ಕೂತವರಿಗೆಲ್ಲ ಈ ಜಗಳ ಗೊತ್ತು. ಲಾಂಗ್ ಆನ್‌ನಲ್ಲಿ ನಿಂತವನು ಕೈಗೆ ಬಂದ ಕ್ಯಾಚ್ ಬಿಡ್ತಾನೆ, ಬಾಲು ಅವನ ಕಾಲ ಸಂದಿಯಿಂದ ನುಸುಳಿ ಬೌಂಡರಿ ಸೇರುತ್ತೆ. ಬೌಲರ್ ಸೀದಾ ನಮ್ಮ ಟೇಬಲ್ ಹತ್ರ ಬರ್ತಾನೆ. "ಅಣ್ಣಾ, ಆ ನಾಲ್ಕು ನನ್ ಲೆಕ್ಕಕ್ಕೆ ಯಾಕ್ ಹಾಕ್ತಿ? ಅವ್ನ ಹೆಸ್ರಿಗೆ ಬರಿ!" ನ್ಯಾಯವಾದ ಮಾತೇ. ಆದರೆ ಕ್ರಿಕೆಟ್ ಸ್ಕೋರ್‌ಬುಕ್ಕಿನಲ್ಲಿ ಬೈ, ಲೆಗ್‌ಬೈಗೆ ಜಾಗ ಇದೆ, ಬಿಟ್ಟ ಕ್ಯಾಚಿಗೆ ಇಲ್ಲ.

ಬೇಸ್‌ಬಾಲ್‌ನಲ್ಲಿ ಇದೆ. ಸ್ಕೋರ್‌ಬೋರ್ಡ್ ಮೇಲೇ ರನ್, ಹಿಟ್, ಎರರ್ ಅಂತ ಮೂರು ಕಾಲಂ. ಬ್ಯಾಟರ್ ತನ್ನ ಹೊಡೆತದ ಬಲದಿಂದಲೇ ಬೇಸ್, ಅಂದ್ರೆ ಓಟದ ನಿಲ್ದಾಣ, ಮುಟ್ಟಿದರೆ ಅದು ಹಿಟ್. ಸಾಮಾನ್ಯ ಪ್ರಯತ್ನಕ್ಕೆ ಸಿಗಬೇಕಿದ್ದ ಬಾಲನ್ನು ಬಿಟ್ಟರೆ ಫೀಲ್ಡರ್ ಹೆಸರಿಗೆ ಎರರ್. ಆ ತಪ್ಪಿಲ್ಲದಿದ್ದರೆ ಬರುತ್ತಲೇ ಇರದ ರನ್ ಪಿಚರ್‌ನ (ಅಲ್ಲಿನ ಬೌಲರ್‌ನ) ಸರಾಸರಿಗೆ ಸೇರಲ್ಲ. ತೀರ್ಪು ಕೊಡೋನು ಅಂಪೈರ್ ಅಲ್ಲ, ಅಫೀಶಿಯಲ್ ಸ್ಕೋರರ್. ನಾವು ಅಂಪೈರ್ ಕೈ ನೋಡಿ ಬರೆಯೋ ಗುಮಾಸ್ತರು, ಅಲ್ಲಿ ಅವನೇ ಜಡ್ಜು.

ಫಜೀತಿ ಶುರುವಾಗೋದೂ ಅಲ್ಲೇ. ಇಬ್ಬರು ಫೀಲ್ಡರ್‌ಗಳು ನೀನ್ ಹಿಡಿ, ನೀನ್ ಹಿಡಿ ಅಂತ ಮುಖ ನೋಡಿಕೊಳ್ತಾ ನಿಂತು, ಬಾಲು ನಡುವೆ ಬಿದ್ದರೆ? ಯಾರ ಗ್ಲೌಸಿಗೂ ತಾಗಿಲ್ಲ. ಸಾಮಾನ್ಯವಾಗಿ ಅದು ಹಿಟ್ ಲೆಕ್ಕಕ್ಕೇ. 2014ರ ಮೇ 9ರಂದು ಅಮೆರಿಕದ ಟೆಕ್ಸಸ್ ರೇಂಜರ್ಸ್ ತಂಡದ ಪಿಚರ್ ಯೂ ದರ್ವಿಶ್, ಬಾಸ್ಟನ್ ವಿರುದ್ಧ ಏಳನೇ ಇನ್ನಿಂಗ್ಸ್‌ವರೆಗೆ ಒಬ್ಬನನ್ನೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ. ಆಗ ಡೇವಿಡ್ ಆರ್ಟಿಜ್ ಎತ್ತಿ ಹೊಡೆದ ಬಾಲು ಹೀಗೇ ಇಬ್ಬರ ನಡುವೆ ಬಿತ್ತು. ಸ್ಕೋರರ್, ರೈಟ್ ಫೀಲ್ಡರ್ ಅಲೆಕ್ಸ್ ರಿಯೋಸ್‌ಗೆ ಎರರ್ ಹಾಕಿದರು. ಹಾಗಾಗಿ ಒಂದೂ ಹಿಟ್ ಕೊಡದ ದಾಖಲೆಯ ಆಸೆ ಕೊನೆಯ, ಅಂದ್ರೆ ಒಂಬತ್ತನೇ ಇನ್ನಿಂಗ್ಸ್‌ವರೆಗೂ ಉಳೀತು. ಅಲ್ಲಿ ಎರಡು ಔಟ್ ಆಗಿ ಇನ್ನೊಂದೇ ಬಾಕಿ ಇದ್ದಾಗ ಅದೇ ಆರ್ಟಿಜ್ ಸಿಂಗಲ್ ಹೊಡೆದು ಅದನ್ನು ಮುಗಿಸಿದ. ಕೆಲ ದಿನ ಬಿಟ್ಟು ಲೀಗ್‌ನವರು ಆ ಎರರ್ ಅಳಿಸಿ ಹಿಟ್ ಅಂತ ತಿದ್ದಿದರು. ಅಂದ್ರೆ ಅಷ್ಟೂ ಹೊತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದು ಯಾವತ್ತೋ ಕೈತಪ್ಪಿಹೋಗಿದ್ದ ದಾಖಲೆಗೆ!

ತಪ್ಪನ್ನು ಇಷ್ಟು ನಾಜೂಕಾಗಿ ತೂಗೋ ಆಟ ಶಹಬ್ಬಾಸ್‌ಗಿರಿ ಹಂಚುವಾಗ ಮಾತ್ರ ಧಾರಾಳಿ. 2007ರ ಆಗಸ್ಟ್ 22ರಂದು ಇದೇ ಟೆಕ್ಸಸ್ ಬಾಲ್ಟಿಮೋರ್ ಮೇಲೆ 30-3ರಿಂದ ಗೆದ್ದಿತು. ವೆಸ್ ಲಿಟಲ್‌ಟನ್ ಬಾಲ್ ಹಾಕಲು ಬಂದಾಗಲೇ 14-3 ಆಗಿತ್ತು. ಕೊನೆಯ ಮೂರು ಇನ್ನಿಂಗ್ಸ್ ಚೆನ್ನಾಗಿ ಹಾಕಿದನೆಂದು, ನಿಯಮದ ಪ್ರಕಾರವೇ, ಗೆಲುವು ಉಳಿಸಿಕೊಟ್ಟ ಲೆಕ್ಕದಲ್ಲಿ ಅವನಿಗೆ ಒಂದು 'ಸೇವ್'. ಯಾರಿಂದ ಉಳಿಸಿದನೋ ಮಾರಾಯ!

ಒಂಬತ್ತು ಇನ್ನಿಂಗ್ಸ್ ಮುಗಿದರೂ ಸಮ ಇದ್ದರೆ ಆಡೋ ಎಕ್ಸ್‌ಟ್ರಾ ಇನ್ನಿಂಗ್ಸ್‌ಗೆ 2020ರಲ್ಲಿ ಬಂದ ನಿಯಮ ಇನ್ನೂ ವಿಚಿತ್ರ. ಎರಡನೇ ಬೇಸ್‌ನಲ್ಲಿ ಪುಕ್ಕಟೆ ಒಬ್ಬ ರನ್ನರ್ ನಿಂತಿರ್ತಾನೆ. ಎರಡು ಕ್ಯಾಚ್ ಔಟ್‌ಗಳ ಮೇಲೇ ಅವನು ಓಡಿ ರನ್ ಗಳಿಸಬಹುದು. ಪಿಚರ್ ಒಂದೂ ಹಿಟ್ ಕೊಟ್ಟಿರಲ್ಲ, ರನ್ನೂ ಅವನ ಸರಾಸರಿಗೆ ಸೇರಲ್ಲ, ಆದರೂ ಸೋಲು ಅವನ ಹೆಸರಿಗೇ ಬೀಳಬಹುದು. ಇದು ನನಗೆ ಸುತಾರಾಂ ಒಪ್ಪಿಗೆ ಇಲ್ಲ.

ನಮ್ಮ ಪುಸ್ತಕಕ್ಕೆ ಸೇವ್ ಬೇಡ, ಎರರ್ ಕಾಲಂ ಬೇಕೇಬೇಕು. ಅದೂ ಕೈಗೆ ತಾಗಿ ಬಿಟ್ಟದ್ದಕ್ಕೆ ಮಾತ್ರ. ಯಾಕಂದ್ರೆ ನಮ್ಮಲ್ಲಿ ಸ್ಕೋರರ್ ಯಾವಾಗಲೂ ಒಂದು ಟೀಮಿನ ಕ್ಯಾಪ್ಟನ್ನಿನ ತಮ್ಮನೋ ಅಳಿಯನೋ ಆಗಿರ್ತಾನೆ, ಪ್ರಯತ್ನ ಅಳೆಯೋ ಕೆಲಸ ಅವನ ಕೈಗೆ ಕೊಟ್ಟರೆ ಹೊಡೆದಾಟ ಗ್ಯಾರಂಟಿ. ಬೇಸ್‌ಬಾಲ್‌ನಲ್ಲಿ ಸೂರ್ಯ ಕಣ್ಣಿಗೆ ಹೊಡೆದು ಕಾಣದೇ ಹೋದ ಬಾಲಿಗೆ ಸಾಮಾನ್ಯವಾಗಿ ಎರರ್ ಹಾಕಲ್ಲ. ಆ ಮಾಫಿ ಇಲ್ಲಿ ಬೇಡವೇ ಬೇಡ. ಬಳ್ಳಾರಿ ಬಿಸಿಲಿಗೆ ಅದನ್ನು ಕೊಟ್ಟರೆ ಏಪ್ರಿಲ್ ಪೂರ್ತಿ ಆ ಕಾಲಂ ಖಾಲಿ!