ನಿಂತ ಆಂಬುಲೆನ್ಸ್‌ಗೂ ಖರ್ಚಿದೆ

"ಡೀಸೆಲ್ ಕಾಸಾದರೂ ತಗೊಳ್ಳೋಣ, ಪುಕ್ಕಟೆ ಕೊಟ್ಟರೆ ಜನಕ್ಕೆ ಬೆಲೆ ಗೊತ್ತಾಗೋದಿಲ್ಲ." ಪಂಚಾಯ್ತಿ, ಪುರಸಭೆ ಸಭೆಗಳಲ್ಲಿ ಆಂಬುಲೆನ್ಸ್ ವಿಷಯ ಬಂದಾಗ ಯಾರಾದರೊಬ್ಬರು ಈ ಮಾತು ಎತ್ತಿಯೇ ಎತ್ತುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಒಮ್ಮೆ ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ ನೋಡಿ.

ಒಂದು ಆಂಬುಲೆನ್ಸ್ ಹಗಲು ರಾತ್ರಿ ಸಿದ್ಧವಾಗಿ ನಿಂತಿರಬೇಕು ಅಂದರೆ ವಾರಕ್ಕೆ 168 ಗಂಟೆ. ಸ್ಟೀರಿಂಗ್ ಹಿಂದೆ ಒಬ್ಬ ಪೈಲಟ್ (108ರಲ್ಲಿ ಚಾಲಕರಿಗೆ ಹೇಳುವುದು ಹಾಗೆಯೇ), ಹಿಂದೆ ರೋಗಿಯ ಪಕ್ಕ ಒಬ್ಬ ಇಎಂಟಿ (ತುರ್ತು ಚಿಕಿತ್ಸೆಯ ತರಬೇತಿ ಪಡೆದವರು). ವಾರಕ್ಕೆ 48 ಗಂಟೆಯ ದುಡಿಮೆ ಅಂತ ಹಿಡಿದರೆ ಒಂದು ಸೀಟಿಗೆ ಮೂರೂವರೆ ಜನ, ಎರಡು ಸೀಟಿಗೆ ಏಳು ಜನ. ರಜೆ, ಜ್ವರ, ಹಬ್ಬ ಸೇರಿಸಿದರೆ ಎಂಟು. ಐದು ಜನರಲ್ಲಿ ಸುಧಾರಿಸುತ್ತೇವೆ ಅಂದರೆ ತಲೆಗೆ ವಾರಕ್ಕೆ 67 ಗಂಟೆ ಬೀಳುತ್ತದೆ. ರಾತ್ರಿ ಮೂರಕ್ಕೆ ಹೆದ್ದಾರಿಯಲ್ಲಿ ಹಾಗೆ ಬಳಲಿದವನ ಕೈಗೆ ಸ್ಟೀರಿಂಗ್ ಕೊಟ್ಟರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಎಂಟು ಜನಕ್ಕೆ ತಲಾ 20,000 ಅಂದರೆ ತಿಂಗಳಿಗೆ 1,60,000. ತಿಂಗಳಿಗೆ 3,500 ಕಿ.ಮೀ. ಓಟ, ಲೀಟರಿಗೆ 10 ಕಿ.ಮೀ. ಮೈಲೇಜ್, ಡೀಸೆಲ್ 90 ರೂಪಾಯಿ ಅಂತ ಹಿಡಿದರೆ 31,500. ಟೈರು, ಸರ್ವಿಸ್, ವಿಮೆ, ಆಕ್ಸಿಜನ್, ಗ್ಲೌಸು, ಹೆರಿಗೆ ಕಿಟ್ಟು ಎಲ್ಲ ಸೇರಿ 30,000. ಒಟ್ಟು 2,21,500. ಇದು ಅಂದಾಜು, ನಿಮ್ಮೂರಿನ ಸಂಬಳ, ದರ ಹಾಕಿಕೊಂಡು ತಿದ್ದಿಕೊಳ್ಳಿ. ಈ ಲೆಕ್ಕದಲ್ಲಿ ಡೀಸೆಲ್‌ನ ಪಾಲು ಏಳರಲ್ಲಿ ಒಂದರ ಆಸುಪಾಸು. ಮಿಕ್ಕಿದ್ದರಲ್ಲಿ ಬಹುಪಾಲು ಗಾಡಿ ಹೊರಟರೂ ಹೊರಡದಿದ್ದರೂ ಆಗುವ ಖರ್ಚು.

ಈಗ ಇದನ್ನು ಸವಾರಿಗಳ ಮೇಲೆ ಹಂಚಿ. ದಿನಕ್ಕೆ ನಾಲ್ಕು ಕರೆ ಬರುವ ಊರಲ್ಲಿ ಒಂದು ಸವಾರಿಗೆ ಸುಮಾರು 1,850 ರೂಪಾಯಿ. ದಿನಕ್ಕೆ ಎರಡೇ ಕರೆ ಬರುವ ಮಲೆನಾಡಿನ ಮೂಲೆಯ ತಾಲ್ಲೂಕಿನಲ್ಲಿ ದೂರ ಜಾಸ್ತಿ, ಹಾಗಾಗಿ ಡೀಸೆಲ್ ಅಷ್ಟೇ ಸುಡುತ್ತದೆ, ಸವಾರಿಗೆ 3,700 ಬೀಳುತ್ತದೆ. ಅಂದರೆ ಖರ್ಚಿಗೆ ತಕ್ಕ ಶುಲ್ಕ ಅಂತ ಹೊರಟರೆ ಆಸ್ಪತ್ರೆಯಿಂದ ದೂರ ಇರುವವನೇ ದುಪ್ಪಟ್ಟು ಕೊಡಬೇಕು.

ಅದು ಬೇಡ, ಎಲ್ಲರಿಗೂ ಸಮನಾಗಿ 500 ರೂಪಾಯಿ ಅನ್ನೋಣ. ತಿಂಗಳ 120 ಸವಾರಿಗೆ 60,000 ಬರುತ್ತದೆ ಅಂತ ಕಾಗದದ ಮೇಲೆ ಬರೆಯಬಹುದು. ಅದರಲ್ಲಿ ಹೆರಿಗೆಗೆ ಹೋದವರನ್ನು ಕಳೆಯಿರಿ. 2011ರ ಜೂನ್‌ನಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ, ಹೆರಿಗೆಯಾದ ಮೇಲೆ ವಾಪಸ್ ಮನೆಗೆ ಎಲ್ಲವೂ ಉಚಿತ; ನಮ್ಮಲ್ಲಿ ನಗು-ಮಗು ವಾಹನ ಬಂದದ್ದು ಈ ಕೊನೆಯ ಕೆಲಸಕ್ಕೇ. ರಸ್ತೆ ಅಪಘಾತದಲ್ಲಿ ಪ್ರಜ್ಞೆ ತಪ್ಪಿದವನ ಜೇಬು ತಡಕುವಂತಿಲ್ಲ. ಬಿಪಿಎಲ್ ಕಾರ್ಡ್ ಇದ್ದವರನ್ನು ಬಿಡಲೇಬೇಕು. ಕೊನೆಗೆ ಉಳಿಯುವವರು ಮೂರರಲ್ಲಿ ಒಬ್ಬರು ಅಂದರೂ 20,000. ಅದಕ್ಕೊಂದು ರಸೀದಿ ಪುಸ್ತಕ, ನಗದು ವಹಿ, ಲೆಕ್ಕಪರಿಶೋಧನೆಯ ಆಕ್ಷೇಪಣೆ, ಚಿಲ್ಲರೆ ಜಗಳ. ಎದೆ ಒತ್ತುತ್ತಿರುವ ಇಎಂಟಿ ರಸೀದಿ ಹರಿಯಬೇಕೇ?

ಹಣಕ್ಕಿಂತ ದೊಡ್ಡ ತೊಂದರೆ ಫೋನ್ ಮಾಡುವ ಮೊದಲೇ ಶುರುವಾಗುತ್ತದೆ. ಶುಲ್ಕ ಇದೆ ಅಂದ ಕೂಡಲೇ ಮನೆಯಲ್ಲಿ ಚರ್ಚೆ. "ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿದು ನೋಡಿ", "ಬೆಳಿಗ್ಗೆ ನೋಡೋಣ", "ಪಕ್ಕದ ಮನೆಯವರ ಓಮ್ನಿ ಕೇಳೋಣ". ಹೃದಯ ನಿಂತವನಿಗೆ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು), ಹೃದಯಕ್ಕೆ ಕೊಡುವ ವಿದ್ಯುತ್ ಶಾಕ್ ಎರಡೂ ಸಿಗದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಓಮ್ನಿಯ ಹಿಂದಿನ ಸೀಟಿನಲ್ಲಿ ಎದೆ ಒತ್ತಲು ಜಾಗವೂ ಇಲ್ಲ, ಬಲ್ಲವರೂ ಇಲ್ಲ.

ಶುಲ್ಕ ಹಾಕಿ ನೋಡಿದವರು ಇಲ್ಲದೇ ಇಲ್ಲ. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನ ಮಾಂಟ್ಗೊಮೆರಿ ಕೌಂಟಿ ಆಂಬುಲೆನ್ಸ್ ಶುಲ್ಕ ತಂದಾಗ 2010ರಲ್ಲಿ ಅಲ್ಲಿನ ಮತದಾರರೇ ಅದನ್ನು ತಿರಸ್ಕರಿಸಿದರು. ಕೌಂಟಿ ಬಿಡಲಿಲ್ಲ, 2012ರಲ್ಲಿ ಮತ್ತೆ ಕಾನೂನು ಮಾಡಿ 2013ರಿಂದ ಜಾರಿಗೆ ತಂದಿತು. ಆದರೆ ಬಿಲ್ ಹೋಗುವುದು ವಿಮಾ ಕಂಪನಿಗೆ, ಅಲ್ಲಿನ ನಿವಾಸಿ ಕೈಯಿಂದ ಕೊಡುವಂತಿಲ್ಲ. ಅಮೆರಿಕದ ಬೇರೆ ಕಡೆ ಅಷ್ಟು ಸಲೀಸಿಲ್ಲ. ಅನಿರೀಕ್ಷಿತ ಆಸ್ಪತ್ರೆ ಬಿಲ್ ತಡೆಯಲು 2022ರಲ್ಲಿ ಜಾರಿಗೆ ಬಂದ ಕಾನೂನು ಏರ್ ಆಂಬುಲೆನ್ಸನ್ನು ಒಳಗೆ ಸೇರಿಸಿಕೊಂಡು ರಸ್ತೆಯ ಆಂಬುಲೆನ್ಸನ್ನು ಹೊರಗೇ ಬಿಟ್ಟಿತು. ವಿಮೆ ಕೊಡದೆ ಉಳಿಸಿದ ಬಾಕಿ ರೋಗಿಯ ಮನೆಗೆ ಅಂಚೆಯಲ್ಲಿ ಬರಬಹುದು.

ದುರ್ಬಳಕೆ ತಡೆಯಬೇಕಲ್ಲ ಅನ್ನುವವರು ಜಪಾನಿನ ಮತ್ಸುಸಾಕ ನಗರವನ್ನು ತೋರಿಸುತ್ತಾರೆ. ಅಲ್ಲಿ 2024ರ ಜೂನ್‌ನಿಂದ, ಆಂಬುಲೆನ್ಸ್‌ನಲ್ಲಿ ಬಂದು ದಾಖಲಾಗದೆ ಮನೆಗೆ ಹೋಗುವವರಿಂದ ಮೂರು ದೊಡ್ಡ ಆಸ್ಪತ್ರೆಗಳು 7,700 ಯೆನ್ ಪಡೆಯುತ್ತಿವೆ. ಸೂಕ್ಷ್ಮ ಗಮನಿಸಿ: ಅದು ಆಂಬುಲೆನ್ಸ್ ಬಾಡಿಗೆಯೇ ಅಲ್ಲ. ಅಗ್ನಿಶಾಮಕ ದಳದ ಆಂಬುಲೆನ್ಸ್ ಈಗಲೂ ಉಚಿತ. ಹಣ ಕೇಳುವುದು ಆಸ್ಪತ್ರೆ, ಅದೂ ವೈದ್ಯರು ನೋಡಿದ ಮೇಲೆ, ಪರಿಸ್ಥಿತಿ ನೋಡಿ ಬಿಡುವ ಅಧಿಕಾರವೂ ವೈದ್ಯರಿಗಿದೆ. ಮನೆ ಬಾಗಿಲಲ್ಲಿ ಸ್ಟ್ರೆಚರ್ ಇಳಿಸುವಾಗ ಕೈ ಚಾಚುವುದಕ್ಕೂ ಇದಕ್ಕೂ ಅಜಗಜಾಂತರ. ನಮ್ಮಲ್ಲಿ 108ನ್ನು ಪೇಟೆಗೆ ಹೋಗುವ ಟ್ಯಾಕ್ಸಿ ಮಾಡಿಕೊಂಡವರು ಇದ್ದಾರೆ, ಸುಳ್ಳಲ್ಲ. ಅವರಲ್ಲಿ ಬಹಳ ಜನಕ್ಕೆ ಡಯಾಲಿಸಿಸ್‌ಗೋ ಡ್ರೆಸ್ಸಿಂಗ್‌ಗೋ ಹೋಗಲು ಬೇರೆ ಗಾಡಿಯೇ ಇಲ್ಲ. ಅವರಿಗೆ ಬೇರೆ ವಾಹನ ಬೇಕು, ದಂಡ ಹಾಕಿದರೆ ಬಸ್ಸು ಹುಟ್ಟುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿಂದ? ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ ಲಕ್ಷ ಜನಕ್ಕೆ ಒಂದು ಬಿಎಲ್ಎಸ್ (ಪ್ರಾಥಮಿಕ ಜೀವರಕ್ಷಣೆಯ) ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಎಎಲ್ಎಸ್ (ಉನ್ನತ ಜೀವರಕ್ಷಣೆಯದು). ಲಕ್ಷ ಜನ ಅಂದರೆ ಹೆಚ್ಚುಕಡಿಮೆ 24,000 ಮನೆ. ಮೇಲಿನ 2,21,500ನ್ನು ಹಂಚಿದರೆ ಮನೆಗೆ ತಿಂಗಳಿಗೆ ಒಂಬತ್ತು ರೂಪಾಯಿ ಚಿಲ್ಲರೆ. ಒಂದು ಲೋಟ ಚಹಾಕ್ಕೆ ಸಾಲದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2003ರಿಂದ 2011ರವರೆಗೆ ಹೀಗೇ ಕರೆಂಟ್ ಬಿಲ್‌ನಲ್ಲಿ ಆಂಬುಲೆನ್ಸ್ ಕರ ಸೇರಿಸಿತ್ತು, ಆಮೇಲೆ ಅದನ್ನೂ ತೆಗೆದು ಖಜಾನೆಯಿಂದಲೇ ನಡೆಸುತ್ತಿದೆ. ನಾವು ಹೊಸ ಕರ ಹುಡುಕಬೇಕಿಲ್ಲ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ: ಆಸ್ತಿ ತೆರಿಗೆಯ ಮೇಲೆ ಶೇ 15 ಆರೋಗ್ಯ ಉಪಕರ ಇದೆ. ಸಾವಿರ ರೂಪಾಯಿ ಕಂದಾಯ ಕಟ್ಟುವ ಮನೆ ಆರೋಗ್ಯದ ಹೆಸರಲ್ಲಿ ವರ್ಷಕ್ಕೆ 150 ಕಟ್ಟಿಯೇ ಆಗಿದೆ, ಆಂಬುಲೆನ್ಸ್‌ಗೆ ಬೇಕಿರುವುದು 111. ಆ ಉಪಕರ ಸರ್ಕಾರಕ್ಕೆ ಹೋಗಿ ಎಲ್ಲಿ ಕರಗುತ್ತದೆ ಅಂತ ಪುರಸಭಾ ಸದಸ್ಯರು ಕೇಳಬೇಕು, ರೋಗಿಯ ಹತ್ತಿರ ಡೀಸೆಲ್ ಕಾಸು ಕೇಳುವ ಮುನ್ನ.

ನಿಜವಾದ ಎಡವಟ್ಟು ಆಗುವುದು ದಾನದ ಗಾಡಿಗಳಲ್ಲಿ. ಸಂಸದರ, ಶಾಸಕರ ನಿಧಿಯಿಂದ ಗಾಡಿ ಬರುತ್ತದೆ. ಕಾಯಿ ಒಡೆಯಲು ಹನ್ನೆರಡು ಜನ ಬರುತ್ತಾರೆ, ಮೂರನೇ ತಿಂಗಳ ಡೀಸೆಲ್ ಬಿಲ್‌ಗೆ ಸಹಿ ಹಾಕಲು ಒಬ್ಬರೂ ಇಲ್ಲ. ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ಸಕ್ಷನ್ ಮಷೀನ್ ಚಾರ್ಜ್ ಆಗುವುದಿಲ್ಲ, ವಿಮೆ ಮುಗಿಯುತ್ತದೆ, ಎಫ್‌ಸಿ (ಫಿಟ್ನೆಸ್ ಪ್ರಮಾಣಪತ್ರ) ಮುಗಿಯುತ್ತದೆ, ಅಲ್ಲಿಗೆ ಗಾಡಿ ಕಾಂಪೌಂಡ್ ಗೋಡೆಗೆ ಒರಗುತ್ತದೆ. ಐದು ವರ್ಷದ ಚಾಲನಾ ವೆಚ್ಚದ ಆದೇಶ ಕೈಗೆ ಬಾರದೆ ಇಂಥ ಗಾಡಿ ಒಪ್ಪಿಕೊಳ್ಳಲೇಬಾರದು.

ಶುಲ್ಕವೇ ಬೇಡ ಅಂತ ನನ್ನ ವಾದವಲ್ಲ. ತುರ್ತಿಗೆ ಬೇಡ. ಡಿಸ್ಚಾರ್ಜ್ ಆಗಿ ಮನೆಗೆ ಹೋಗುವಾಗ, ಮನೆಯವರ ಇಷ್ಟಕ್ಕೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ, ಮ್ಯಾರಥಾನ್, ಶೂಟಿಂಗ್ ಜಾಗದಲ್ಲಿ ಇಡೀ ದಿನ ಗಾಡಿ ನಿಲ್ಲಿಸಿಕೊಳ್ಳುವಾಗ ಧಾರಾಳವಾಗಿ ತಗೊಳ್ಳಲಿ. ಇಲ್ಲಿ ಸ್ಥಳೀಯ ಸಂಸ್ಥೆ ಕಾಲಿಡದೇ ಇರುವುದರಿಂದಲೇ ಖಾಸಗಿಯವರು ಹೇಳಿದ್ದೇ ದರ. ಹೋಗುವ ಕಿಲೋಮೀಟರಿಗೂ ಖಾಲಿ ಬರುವ ಕಿಲೋಮೀಟರಿಗೂ ಬಾಡಿಗೆ, ಅದರ ಮೇಲೆ ಆಕ್ಸಿಜನ್, ವೇಟಿಂಗ್, ರಾತ್ರಿ ದರ, ಕರೆದುಕೊಟ್ಟವನ ಕಮಿಷನ್. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ದೆಹಲಿ ಸರ್ಕಾರ ಮಿತಿ ಹಾಕಿತ್ತು: ಸಾದಾ ವಾಹನಕ್ಕೆ 1,500, ಬಿಎಲ್ಎಸ್‌ಗೆ 2,000, ಎಎಲ್ಎಸ್‌ಗೆ 4,000, ಹತ್ತು ಕಿ.ಮೀ. ದಾಟಿದರೆ ಕಿ.ಮೀ.ಗೆ 100. ಅಂಥ ದರ ಕಟ್ಟಲು ಸಾಂಕ್ರಾಮಿಕವೇ ಬರಬೇಕು ಅಂತೇನಿಲ್ಲ.

ಬಾಡಿಗೆ ಮಾತಾಡುವಾಗ ದರದ ಜೊತೆಗೆ ಆಕ್ಸಿಜನ್ ಎಷ್ಟಿದೆ ಅಂತಲೂ ಕೇಳಿ. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಹರಿದರೆ ಎರಡೂವರೆ ಗಂಟೆಗೆ ಖಾಲಿ. ಕಾರವಾರದಿಂದ ಮಣಿಪಾಲಕ್ಕೆ ಸುಮಾರು 200 ಕಿ.ಮೀ., ಮೂರು ಗಂಟೆಗೂ ಹೆಚ್ಚು. ಒಂದೇ ಬಿ ಟೈಪ್ ಇಟ್ಟುಕೊಂಡು ಹೊರಟ ಗಾಡಿ ಊರು ತಲುಪುವ ಮೊದಲೇ ಖಾಲಿಯಾಗುತ್ತದೆ. ಸುಮಾರು 7,000 ಲೀಟರಿನ ಡಿ ಟೈಪ್ ಇದೆಯೇ, ಮೀಟರಿನ ಮುಳ್ಳು ಎಲ್ಲಿದೆ ಅಂತ ಹತ್ತುವ ಮುಂಚೆ ಕಣ್ಣಾರೆ ನೋಡಿ.

ಇನ್ನೊಂದು. 108 ಶವ ಸಾಗಿಸುವುದಿಲ್ಲ, ಸಾಗಿಸಬಾರದು ಕೂಡ. ಹೀಗಾಗಿ ಶವಾಗಾರದ ಗೇಟಿನಲ್ಲಿ ನಡೆಯುವಷ್ಟು ಸುಲಿಗೆ ಇನ್ನೆಲ್ಲೂ ನಡೆಯುವುದಿಲ್ಲ. ಆ ಹೊತ್ತಲ್ಲಿ ಚೌಕಾಸಿ ಮಾಡುವ ಮನಸ್ಥಿತಿ ಯಾರಿಗಿರುತ್ತದೆ? ಪುರಸಭೆ ಒಂದು ಗಾಡಿ ಇಡಲಿ, ಕಿ.ಮೀ. ದರ ಬರೆದ ಬೋರ್ಡು ಅದೇ ಗೇಟಿಗೆ ಹಾಕಲಿ. ಅಕ್ಷರ ದಪ್ಪಗಿರಲಿ, ಕನ್ನಡದಲ್ಲಿರಲಿ.