ಆಯಿಯ ಮೊಣಕಾಲು ಮತ್ತು 'ಸವೆತ' ಅನ್ನೋ ಶಬ್ದ

"ಗಂಟು ಸವದು ಹೋಜಡ ತಮಾ. ನೆಡದ್ರೆ ಇನ್ನೂ ಸವೀತಡ."

ಹೋದ ವರ್ಷ ಅಡಿಕೆ ಸುಲಿಯೋ ಹಂಗಾಮು ಮುಗಿದ ಮೇಲೆ ಆಯಿ, ಅಂದರೆ ನನ್ನ ಅಮ್ಮ, ಫೋನಿನಲ್ಲಿ ಹೀಗಂದಳು. ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ್ದು ಎರಡೇ ಮಾತಂತೆ: ಸವೆದಿದೆ, ರೆಸ್ಟ್ ತಗೊಳ್ಳಿ. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ನಮ್ಮ ಶಿರಸಿ ಕಡೆ ಸವೆಯೋದು ಅಂದರೆ ಹವಾಯಿ ಚಪ್ಪಲಿಯ ಹಿಮ್ಮಡಿ, ಮಸೆದು ಮಸೆದು ತೆಳ್ಳಗಾದ, ಅಡಿಕೆ ಸುಲಿಯೋ ಮೆಟ್ಟುಗತ್ತಿ. ಉಳಿಸಿಕೊಳ್ಳಬೇಕಾದರೆ ಬಳಸಬಾರದು, ಅಷ್ಟೇ. ಆಯಿ ಮಂಚ ಹತ್ತಿದಳು. ಮೊದಲು ತೋಟಕ್ಕೆ ಇಳಿಯೋದು ನಿಂತಿತು, ಆಮೇಲೆ ಕೊಟ್ಟಿಗೆ, ಆಮೇಲೆ ಅಡುಗೆಮನೆ. ಮೂರು ತಿಂಗಳ ನಂತರ ನಾನು ಊರಿಗೆ ಹೋದಾಗ ಬಚ್ಚಲಿಗೆ ಹೋಗೋಕೂ ಗೋಡೆ ಹಿಡಿಯುತ್ತಿದ್ದಳು. ಕಾಲಿಗೆ ಎಣ್ಣೆ ತಿಕ್ಕುವಾಗ ಗೊತ್ತಾಯಿತು, ತೊಡೆಯ ಸ್ನಾಯು ಪೂರ್ತಿ ಜೋತುಬಿದ್ದಿತ್ತು. ನೋವು ಮಾತ್ರ ಇದ್ದ ಹಾಗೇ ಇತ್ತು.

ನನ್ನ ಸಿಟ್ಟು ಆ ಡಾಕ್ಟರ ಮೇಲಲ್ಲ, 'ಸವೆತ' ಅನ್ನೋ ಶಬ್ದದ ಮೇಲೆ.

ಸವೆದಿದೆ ಅನ್ನೋದು ಮೂಳೆಯ ತುದಿಗೆ ಹಾಸಿಕೊಂಡಿರೋ ಕಾರ್ಟಿಲೇಜ್ ಅನ್ನೋ ಪದರಕ್ಕೆ. ಅದು ಚಪ್ಪಲಿಯ ರಬ್ಬರ್ ಅಲ್ಲ, ಜೀವ ಇರೋ ವಸ್ತು. ಮೊಣಕಾಲಿನಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್, ಅದರಲ್ಲೂ ಮುಕ್ಕಾಲು ಪಾಲು ನೀರು. ರಕ್ತನಾಳ ಇಲ್ಲ, ನರವೂ ಇಲ್ಲ. ರಕ್ತವೇ ಬರದ ಜಾಗಕ್ಕೆ ಊಟ ಹೇಗೆ ಹೋಗಬೇಕು? ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಭಾರ ಬಿದ್ದು ಒಂದಿಷ್ಟು ನೀರು ಹೊರಗೆ ಹೋಗುತ್ತದೆ, ಎತ್ತಿದಾಗ ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ಮಲಗೇ ಇದ್ದರೆ ಈ ಹೋಗಿಬರೋದು ನಿಲ್ಲುತ್ತದೆ. ಜರ್ಮನಿಯಲ್ಲಿ ಆರೋಗ್ಯವಂತ ಗಂಡಸರನ್ನು 14 ದಿನ ಹಾಸಿಗೆಯಲ್ಲೇ ಇಟ್ಟು ನೋಡಿದ್ದರು, ಅಷ್ಟರಲ್ಲೇ ಮೊಣಕಾಲಿನ ಕಾರ್ಟಿಲೇಜ್ ಕೆಲವು ಕಡೆ ತೆಳುವಾಗಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋದವರಲ್ಲೂ ವರ್ಷದೊಳಗೆ ಹೀಗಾಗೋದನ್ನ ಅಳೆದಿದ್ದಾರೆ. ನಮ್ಮ ಆಯಿ ಮಲಗಿದ್ದು ತೊಂಬತ್ತು ದಿನ!

ಹಾಗಂತ ನಾಳೆಯಿಂದ ಓಡಿ ಅಂತಲ್ಲ. ಆದರೂ ಒಂದು ಲೆಕ್ಕ ಹೇಳಲೇಬೇಕು. 2017ರಲ್ಲಿ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ, ಹವ್ಯಾಸಕ್ಕೆ ಓಡೋರಲ್ಲಿ ಸೊಂಟ, ಮೊಣಕಾಲಿನ ಸಂಧಿವಾತ (ಇದೇ 'ಸವೆತ'ದ ಕಾಯಿಲೆ) 3.5%, ಕೂತೇ ಇರೋರಲ್ಲಿ 10.2%, ಸ್ಪರ್ಧೆಗಾಗಿ ಓಡೋರಲ್ಲಿ 13.3%. ನೋವಿರೋರು ಮೊದಲೇ ಓಡೋದು ಬಿಟ್ಟಿರ್ತಾರೆ ಅಂತ ನೀವು ತಕರಾರು ತೆಗೆದರೆ ಒಪ್ಪುತ್ತೇನೆ, ಅದೂ ಒಂದು ಕಾರಣ ಇರಬಹುದು. ಆದರೆ ಹದವಾಗಿ ಬಳಸಿದ್ದಕ್ಕೇ ಗಂಟು ಸವೆಯೋದಾಗಿದ್ದರೆ ಈ ಲೆಕ್ಕ ಉಲ್ಟಾ ಬರಬೇಕಿತ್ತಲ್ಲ.

ಆಯಿಗೆ ನೋವು ಬಂದದ್ದೇ ಕೆಲಸದಿಂದ, ಅದನ್ನೂ ಮುಚ್ಚಿಡೋದಿಲ್ಲ. ಮಂಡಿ ಪೂರ್ತಿ ಮಡಚಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತರೆ ಚಿಪ್ಪಿನ ಹಿಂದೆ ಒತ್ತಡ ವಿಪರೀತ. ಅದು ವ್ಯಾಯಾಮ ಅಲ್ಲ. "ನಮ್ಮ ಹೆಂಗಸರಿಗೆ ಮನೆ ಕೆಲಸವೇ ವ್ಯಾಯಾಮ" ಅನ್ನೋ ಗಂಡಸರು ಒಂದು ದಿನ ಸುಲಿಯೋಕೆ ಕೂತು ನೋಡಲಿ. ಗಂಟು ಊದಿ ಬಿಸಿಯಾಗಿದ್ದಾಗ, ಬಿದ್ದು ಪೆಟ್ಟಾದಾಗ ವಿಶ್ರಾಂತಿ ಬೇಕೇ ಬೇಕು. ಆದರೆ ಅದಕ್ಕೊಂದು ಕೊನೆಯ ದಿನ ಹೇಳಬೇಕು.

ಕೊನೆಗೆ ದಾರಿಗೆ ತಂದದ್ದು ಪೇಟೆಯ ಫಿಸಿಯೋಥೆರಪಿ ಹುಡುಗಿ. ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟು ಐದು ಎಣಿಸೋವರೆಗೆ ಒತ್ತೋದು, ಕೈ ಊರದೆ ಖುರ್ಚಿಯಿಂದ ಏಳೋದು, ನಡೆಯೋದು. ಇಷ್ಟೇ. ಮೊದಲ ವಾರ ಆಯಿ ನನ್ನನ್ನೂ ಅವಳನ್ನೂ ಸೇರಿಸಿ ಬೈದಳು. ಸವೆದದ್ದು ಹೀಗೆ ಮಾಡಿದರೆ ಮತ್ತೆ ಬೆಳೆಯುತ್ತೆ ಅಂತ ಆ ಹುಡುಗಿ ಸುಳ್ಳು ಹೇಳಲಿಲ್ಲ. ತೊಡೆ ಗಟ್ಟಿಯಾದರೆ ಗಂಟಿನ ಹೊರೆ ಕಡಿಮೆ ಆಗುತ್ತೆ ಅಂದಳು, ಎರಡು ತಿಂಗಳಲ್ಲಿ ಹಾಗೇ ಆಯಿತು. ಈಗ ಸುಲಿಯೋದು ಎತ್ತರದ ಬೆಂಚಿನ ಮೇಲೆ ಕೂತು, ಅರ್ಧ ಗಂಟೆಗೊಮ್ಮೆ ಎದ್ದು.

ಮಳೆಗಾಲದಲ್ಲಿ ಅಂಗಳಕ್ಕೆ ಸೋಗೆ ಹಾಸಿದರೂ ಜಾರುತ್ತೆ ಅಂತ ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಲೆಕ್ಕ ತಪ್ಪಬಾರದು ಅಂತ ಸುತ್ತಿಗೊಂದು ಅಡಿಕೆ ಕಿಟಕಿಯ ಮೇಲೆ ಇಡೋದು. ಮೊನ್ನೆ ಮೂವತ್ತು ಸುತ್ತು ಮುಗಿಸಿ ಎಣಿಸಿದರೆ ಇಪ್ಪತ್ತೆಂಟೇ ಇದ್ದವು. ಅಪ್ಪಯ್ಯ ಎಲೆಯಡಿಕೆ ಕವಳ ಹಾಕ್ಕೊಂಡು ಸುಮ್ಮನೆ ಪೇಪರ್ ಓದ್ತಾ ಕೂತಿದ್ದ.