ಅಮೆರಿಕದ ಮಿಡ್ಲ್ ಸ್ಕೂಲಿನಲ್ಲಿ ಪೌರತ್ವ ಪರೀಕ್ಷೆ ಕಡ್ಡಾಯವಾಗಬೇಕೇ? ಪರ-ವಿರೋಧ

ಅಮೆರಿಕದ ಪೌರತ್ವ ಕೋರುವ ವಲಸಿಗರಿಗೆ ಸಂದರ್ಶನದಲ್ಲಿ ಸಿವಿಕ್ಸ್ (ಪೌರನೀತಿ) ಪ್ರಶ್ನೆಗಳನ್ನು ಕೇಳುತ್ತಾರೆ. ಅದೇ ಪ್ರಶ್ನೆಗಳಿಗೆ ಶಾಲಾಮಕ್ಕಳೂ ಉತ್ತರಿಸಬೇಕೆಂದು 2015ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಅರಿಜೋನಾ. ಅಲ್ಲಿ ಅದು ಹೈಸ್ಕೂಲು ಮುಗಿಸುವವರಿಗೆ. ಮಿಡ್ಲ್ ಸ್ಕೂಲಿನ, ಅಂದರೆ ಆರರಿಂದ ಎಂಟನೇ ತರಗತಿಯವರಿಗೂ ಅದು ಬೇಕೇ?

ಪರ: ಪರೀಕ್ಷೆ ಇದ್ದರಷ್ಟೇ ಪಾಠಕ್ಕೆ ಜಾಗ

ಎಂಟನೇ ತರಗತಿಗೆ ರಾಷ್ಟ್ರಮಟ್ಟದಲ್ಲಿ ನಡೆಯುವ ಸಿವಿಕ್ಸ್ ಮೌಲ್ಯಮಾಪನದಲ್ಲಿ 2022ರಲ್ಲಿ ಪ್ರಾವೀಣ್ಯದ ಮಟ್ಟ ಮುಟ್ಟಿದವರು ಶೇ. 22 ಮಾತ್ರ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಎಂಬ ರಾಷ್ಟ್ರಮಟ್ಟದ ಶಿಕ್ಷಣ ಕಾನೂನು ಬಂದ ಮೇಲೆ ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. ಪರೀಕ್ಷೆಯಿದ್ದ ವಿಷಯಗಳಿಗೆ ಪೀರಿಯಡ್ ಹೆಚ್ಚಿತು, ಸಮಾಜ ವಿಜ್ಞಾನದ ಪೀರಿಯಡ್‌ಗೆ ಕತ್ತರಿ ಬಿತ್ತು. ಫ್ಲಾರಿಡಾ ಈ ಲೆಕ್ಕವನ್ನು ಸರಿಯಾಗಿ ಹಿಡಿಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸಾಂಡ್ರಾ ಡೇ ಓಕಾನರ್ ಹೆಸರಿನ 2010ರ ಕಾನೂನಿನ ಪ್ರಕಾರ ಅಲ್ಲಿ ಮಿಡ್ಲ್ ಸ್ಕೂಲಿನಲ್ಲೇ ಸಿವಿಕ್ಸ್ ಕೋರ್ಸ್ ಕಡ್ಡಾಯ, ಅದರ ಅಂತಿಮ ಪರೀಕ್ಷೆಗೆ ಕೋರ್ಸಿನ ಶೇ. 30 ಅಂಕ. ಆ ಪೀರಿಯಡ್ಡನ್ನು ಗಣಿತದ ರಿವಿಷನ್‌ಗೆ ಬಿಟ್ಟುಕೊಡಿ ಎಂದು ಯಾರೂ ಸುಲಭವಾಗಿ ಕೇಳಲಾರರು.

ಪೌರತ್ವದ ಪ್ರಶ್ನೆಪಟ್ಟಿ ಈ ಕೆಲಸಕ್ಕೆ ಒದಗಿಬರುತ್ತದೆ. ಉತ್ತರಗಳ ಸಮೇತ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತದೆ, ಬಡ ಜಿಲ್ಲೆಯ ಶಾಲೆಗೂ ಪುಸ್ತಕದ ಖರ್ಚಿಲ್ಲ. 2008ರ ಪಟ್ಟಿಯಲ್ಲಿ 100 ಪ್ರಶ್ನೆಗಳಿವೆ: ಸರ್ಕಾರದ ಬಗ್ಗೆ 57, ಇತಿಹಾಸದ ಬಗ್ಗೆ 30, ಭೂಗೋಳ, ಲಾಂಛನ, ರಜಾದಿನಗಳ ಬಗ್ಗೆ 13. ಇದನ್ನು ಒಂದರಿಂದ ನೂರರವರೆಗೆ ಸಾಲಾಗಿ ಓದಿಸಿದರೆ ಮೊದಲ ವಾರವೇ ಮಕ್ಕಳು ಆಕಳಿಸುತ್ತಾರೆ. ಮೊದಲ 12 ಪ್ರಶ್ನೆಗಳು ಸಂವಿಧಾನದ ತತ್ತ್ವಗಳು. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಎಂದರೇನೆಂದು ತಿಳಿಯದ ಮಗುವಿಗೆ 'ಕಾನೂನಿನ ಆಳ್ವಿಕೆ' ಎಲ್ಲಿ ಹತ್ತಬೇಕು? 13ರಿಂದ 47ರವರೆಗಿನ ಸರ್ಕಾರದ ರಚನೆಯಿಂದ ಶುರುಮಾಡಿ, ನಂತರ ಹಕ್ಕು ಮತ್ತು ಕರ್ತವ್ಯ, ಆಮೇಲೆ ತತ್ತ್ವಗಳಿಗೆ ಬರುವುದು ಸರಿ. ವಾರಕ್ಕೆ ಆರು ಹೊಸ ಪ್ರಶ್ನೆಯಂತೆ 17 ವಾರಗಳಲ್ಲಿ, ಅಂದರೆ ಒಂದು ಸೆಮಿಸ್ಟರಿನೊಳಗೆ, ನೂರೂ ಮುಗಿಯುತ್ತವೆ. ತರಗತಿಯ ಮೊದಲ ಎಂಟು ನಿಮಿಷ ಸಾಕು: ಎರಡು ದಿನ ಹೊಸದು, ಮೂರನೇ ದಿನ ಹಳೆಯದನ್ನು ಕಲಸಿ ಕೇಳುವುದು.

ಮಕ್ಕಳು ಎಡವುವುದು ಹೆಚ್ಚಾಗಿ ಸಂಖ್ಯೆಗಳಲ್ಲಿ. ಕೆಳಮನೆಯಾದ ಪ್ರತಿನಿಧಿ ಸಭೆಯ 435 ಮತ್ತು ಮೇಲ್ಮನೆಯಾದ ಸೆನೆಟ್ಟಿನ 100 ಸದಸ್ಯರು, ಅವರ 2 ವರ್ಷ ಮತ್ತು 6 ವರ್ಷದ ಅವಧಿ ಅದಲುಬದಲಾಗುತ್ತವೆ. ಇವನ್ನು ಬಿಡಿಬಿಡಿಯಾಗಿ ಉರುಹೊಡೆಸದೆ ಜೋಡಿಯಾಗಿ, ಕಾರಣದೊಂದಿಗೆ ಹೇಳಬೇಕು. ಪ್ರತಿನಿಧಿ ಸಭೆಯ ಸದಸ್ಯರು ಎರಡು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಲೇಬೇಕು, ಸೆನೆಟರ್‌ಗೆ ಆ ಅವಸರವಿಲ್ಲ ಎಂದು ತಿಳಿದ ಮಗು ಅಂಕಿ ತಪ್ಪುವುದಿಲ್ಲ.

ಪರೀಕ್ಷೆಯೂ ಬಾಯಿಮಾತಿನದಾಗಿರಲಿ, 2008ರ ಪಟ್ಟಿಯಿಂದ ಪೌರತ್ವದ ಅಧಿಕಾರಿ ಕೇಳುತ್ತಿದ್ದಂತೆ: ಹತ್ತು ಪ್ರಶ್ನೆ, ಆರು ಸರಿಯಾದರೆ ಪಾಸು. ನಾಲ್ಕು ಆಯ್ಕೆ ಕೊಟ್ಟರೆ ಊಹೆಯಲ್ಲೇ ದಾಟುತ್ತಾರೆ. ಒಬ್ಬರಿಗೆ ಮೂರು ನಿಮಿಷ, 28 ಮಕ್ಕಳಿಗೆ ಎರಡು ಪೀರಿಯಡ್. ಫೇಲಾದವರಿಗೆ ತಪ್ಪಿದ ಭಾಗವನ್ನಷ್ಟೇ ಮತ್ತೆ ಕೇಳಬೇಕು. ಇದಕ್ಕಾಗಿ ತರಗತಿಯಲ್ಲೇ ಉಳಿಸಿಕೊಳ್ಳುವುದು ಅನ್ಯಾಯ.

ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಇದು ಮುಟ್ಟುವ ಮಾತು. ಹಸಿರು ಕಾರ್ಡಿನ (ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ) ಮೇಲೆ ತಂದೆತಾಯಿಯ ಜೊತೆ ಅಲ್ಲೇ ವಾಸವಿರುವ ಮಗುವಿಗೆ, ಅವರಲ್ಲೊಬ್ಬರು ಪೌರರಾದಾಗ 18 ತುಂಬಿರದಿದ್ದರೆ, 2000ದ ಕಾನೂನಿನಂತೆ ಪೌರತ್ವ ತಾನಾಗಿಯೇ ಬರುತ್ತದೆ, ಪರೀಕ್ಷೆಯಿಲ್ಲದೆ. ಅಪ್ಪ ಅಮ್ಮ ಓದಿದ ಪಟ್ಟಿಯನ್ನು ಮಗು ಕಣ್ಣೆತ್ತಿಯೂ ನೋಡದೆ ಮತದಾರನಾಗಬಹುದು. ಇನ್ನು 20 ವರ್ಷ ಹಸಿರು ಕಾರ್ಡಿನ ಮೇಲಿದ್ದು 50 ದಾಟಿದವರು, 15 ವರ್ಷ ಇದ್ದು 55 ದಾಟಿದವರು ಸಿವಿಕ್ಸ್ ಉತ್ತರವನ್ನು ದುಭಾಷಿಯ ಮೂಲಕ ಕನ್ನಡದಲ್ಲೇ ಹೇಳಬಹುದು. ಹೊಸದಾಗಿ ಬಂದು ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಶಾಲೆಯೂ ಅದೇ ಸವಲತ್ತು ಕೊಡಲಿ. ಪರೀಕ್ಷಿಸಬೇಕಾದದ್ದು ಸಿವಿಕ್ಸ್, ಭಾಷೆಯಲ್ಲ.

ವಿರೋಧ: ಉತ್ತರ ಬಂತು, ಸರ್ಕಾರ ಅರ್ಥವಾಗಲಿಲ್ಲ

ಸರ್ಕಾರದ ಒಂದು ಅಂಗವನ್ನು ಹೆಸರಿಸಿ ಎಂಬುದು ಆ ಪಟ್ಟಿಯ 13ನೇ ಪ್ರಶ್ನೆ. 'ಕೋರ್ಟು' ಎಂದರೂ ಸರಿ, 'ಅಧ್ಯಕ್ಷ' ಎಂದರೂ ಸರಿ. ಅಧ್ಯಕ್ಷರ ಆದೇಶವನ್ನು ಕೋರ್ಟು ತಡೆಯಬಲ್ಲದೇ, ತಡೆದರೆ ಮುಂದೇನು ಎಂಬುದು ತಿಳಿಯದ ಮಗುವಿಗೂ ಪೂರ್ತಿ ಅಂಕ.

ಇನ್ನೊಂದು: ಸಂವಿಧಾನಕ್ಕೆ ಎಷ್ಟು ತಿದ್ದುಪಡಿಗಳಾಗಿವೆ? 27. ಆದರೆ ಪಾಠವಿರುವುದು ಆ 27ನೆಯದರ ಕಥೆಯಲ್ಲಿ. ಕಾಂಗ್ರೆಸ್ ಸದಸ್ಯರ ಸಂಬಳ ಬದಲಾದರೆ ಅದು ಮುಂದಿನ ಚುನಾವಣೆಯ ನಂತರವೇ ಜಾರಿಗೆ ಬರಬೇಕೆನ್ನುವ ಈ ತಿದ್ದುಪಡಿಯನ್ನು ಕಾಂಗ್ರೆಸ್ 1789ರಲ್ಲಿ ರಾಜ್ಯಗಳಿಗೆ ಕಳಿಸಿತು, ಸಾಕಷ್ಟು ರಾಜ್ಯಗಳು ಒಪ್ಪದೆ ಅದು ಮೂಲೆ ಸೇರಿತು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್, ಇದಕ್ಕೆ ಗಡುವೇ ಇಲ್ಲ, ಈಗಲೂ ಅಂಗೀಕರಿಸಬಹುದು ಎಂದು ಪ್ರಬಂಧ ಬರೆದರು. ಸಿಕ್ಕಿದ್ದು ಸಿ ಗ್ರೇಡ್. ಅವರು ಬಿಡಲಿಲ್ಲ, ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತ ಹೋದರು. ಒಂದೊಂದೇ ರಾಜ್ಯ ಒಪ್ಪಿ 1992ರಲ್ಲಿ ಬೇಕಾದ ನಾಲ್ಕನೇ ಮೂರು ಪಾಲು, ಅಂದರೆ 38 ರಾಜ್ಯಗಳು, ಪೂರ್ತಿಯಾದವು. ಹನ್ನೆರಡು ವರ್ಷದ ಮಗುವಿಗೆ ಪೌರತ್ವವೆಂದರೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಪರೀಕ್ಷೆ ಕೇಳುವುದು ಅಂಕಿಯನ್ನು ಮಾತ್ರ.

ಉತ್ತರಗಳೂ ಕಲ್ಲಿನಲ್ಲಿ ಕೊರೆದವಲ್ಲ. ಸೆನೆಟರ್ ಯಾರನ್ನು ಪ್ರತಿನಿಧಿಸುತ್ತಾರೆ ಎಂಬುದಕ್ಕೆ 2008ರ ಉತ್ತರ ಆ ರಾಜ್ಯದ ಎಲ್ಲ ಜನರು. 2020ರ ಪಟ್ಟಿಯ ಉತ್ತರ ಆ ರಾಜ್ಯದ ಪೌರರು. ಹಸಿರು ಕಾರ್ಡಿನವರು, ವೀಸಾದ ಮೇಲಿರುವವರು ಇದರಲ್ಲಿ ಒಳಗೋ ಹೊರಗೋ? ಇದನ್ನು ತರಗತಿ ಕೂತು ಚರ್ಚಿಸಬೇಕು, ಸರಿ-ತಪ್ಪು ಗುರುತು ಹಾಕಿ ಮುಗಿಸಬಾರದು. ಪ್ರಶ್ನೆಗಳ ಸಂಖ್ಯೆಯೂ 2020ರ ಡಿಸೆಂಬರಿನಲ್ಲಿ 128ಕ್ಕೆ ಏರಿ, 2021ರಲ್ಲಿ 100ಕ್ಕೆ ಇಳಿದು, 2025ರ ಅಕ್ಟೋಬರ್ 20ರಿಂದ ಸಲ್ಲಿಸುವ ಅರ್ಜಿಗಳಿಗೆ ಮತ್ತೆ 128 ಆಗಿದೆ. ಈಗ 20 ಪ್ರಶ್ನೆಗಳಲ್ಲಿ 12 ಸರಿಯಿರಬೇಕು. ಶಾಲೆಯ ಪಾಠ ಇದರ ಬೆನ್ನು ಹತ್ತಿ ಓಡುವುದೇಕೆ?

ಪೀರಿಯಡ್ ಕೊರತೆಯ ದೂರು ನಿಜ. ಆದರೆ ಇಲಿನಾಯ್ 2020ರಿಂದ ಆರರಿಂದ ಎಂಟನೇ ತರಗತಿಯೊಳಗೆ ಒಂದು ಸೆಮಿಸ್ಟರ್ ಸಿವಿಕ್ಸ್ ಕಡ್ಡಾಯ ಮಾಡಿದೆ, ಪ್ರಚಲಿತ ವಿಷಯಗಳ ಚರ್ಚೆ, ಸೇವೆಯ ಮೂಲಕ ಕಲಿಕೆ, ಅಣಕು ಕಲಾಪಗಳನ್ನು ಕಾನೂನಿನಲ್ಲೇ ಸೇರಿಸಿದೆ. ನೂರು ಪ್ರಶ್ನೆಯ ಬಲವಿಲ್ಲದೆಯೂ ಪೀರಿಯಡ್ ಪಡೆಯಬಹುದು.

ಆ ಸಮಯದಲ್ಲಿ ಒಂದೇ ಮೊಕದ್ದಮೆಯನ್ನು ಐದು ಪೀರಿಯಡ್ ಹಿಡಿದು ಓದಲಿ. ಟಿಂಕರ್ ಪ್ರಕರಣ ಈ ವಯಸ್ಸಿಗೇ ಒಪ್ಪುವಂಥದ್ದು. 1965ರಲ್ಲಿ ಡೆ ಮೊಯ್ನ್ ನಗರದ 13 ವರ್ಷದ ಮೇರಿ ಬೆತ್ ಟಿಂಕರ್ ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋದಳು, ಸಸ್ಪೆಂಡ್ ಆದಳು. ಮೊದಲ ದಿನ ಈ ಸಂಗತಿ ಮಾತ್ರ ಕೊಡಿ, ತೀರ್ಪು ಹೇಳಬೇಡಿ. ಮಕ್ಕಳೇ ತೀರ್ಪು ಬರೆಯಲಿ. ಎರಡನೇ ದಿನ ಮೊದಲನೇ ತಿದ್ದುಪಡಿಯ ಮೂಲಪಾಠ, ಒಟ್ಟು 45 ಪದ. ಮೂರನೇ ದಿನ ತಯಾರಿ, ನಾಲ್ಕನೇ ದಿನ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ವಾದ. ಐದನೇ ದಿನ 1969ರಲ್ಲಿ ಸುಪ್ರೀಂ ಕೋರ್ಟು ಟಿಂಕರ್ ಪರವಾಗಿ ಕೊಟ್ಟ ನಿಜವಾದ 7-2 ತೀರ್ಪು ಮತ್ತು ನ್ಯಾಯಮೂರ್ತಿ ಬ್ಲ್ಯಾಕ್ ಬರೆದ ಭಿನ್ನಮತ. ಇದು ಕೆಡುವುದು, ಹುಡುಗಿಯ ಮೇಲಿನ ಕನಿಕರದಿಂದ ಎಲ್ಲರೂ ಒಂದೇ ಕಡೆ ವಾಲಿದಾಗ. ಆಗ ತಮಗೆ ಸಿಟ್ಟು ಬರಿಸುವ ಘೋಷಣೆಯೊಂದು ಆ ಪಟ್ಟಿಯ ಮೇಲಿತ್ತು ಎಂದುಕೊಂಡು ಮತ್ತೆ ತೀರ್ಪು ಬರೆಯಲು ಹೇಳಿ. ಪಾಠಕ್ಕೆ ಎಷ್ಟು ಅಡ್ಡಿಯಾದರೆ ಶಾಲೆ ತಡೆಯಬಹುದು ಎಂಬ ನಿಜವಾದ ಪ್ರಶ್ನೆ ಅಲ್ಲಿ ಮೇಲೆ ಬರುತ್ತದೆ.

ಮಾಸಚೂಸೆಟ್ಸ್ 2018ರ ಕಾನೂನಿನಲ್ಲಿ ಎಂಟನೇ ತರಗತಿಯವರಿಗೆ ವಿದ್ಯಾರ್ಥಿಗಳೇ ನಡೆಸುವ ಸಿವಿಕ್ಸ್ ಪ್ರಾಜೆಕ್ಟ್ ಇಟ್ಟಿದೆ. ಇಂಥ ಪ್ರಾಜೆಕ್ಟ್ ಸೋಲುವುದು ವಿಷಯ ದೊಡ್ಡದಾದಾಗ: ಹವಾಮಾನದ ಬಗ್ಗೆ ಅಧ್ಯಕ್ಷರಿಗೆ ಪತ್ರ ಬರೆದು ಕೈತೊಳೆದುಕೊಳ್ಳುತ್ತಾರೆ. ಶಾಲೆಯೆದುರು ರಸ್ತೆ ದಾಟಲು ಪಟ್ಟೆ ಬೇಕು ಎಂಬುದು ಒಳ್ಳೆಯ ವಿಷಯ. ಮೊದಲು ರಸ್ತೆ ನಗರದ್ದೋ, ಕೌಂಟಿಯದ್ದೋ (ನಮ್ಮ ಜಿಲ್ಲೆಯಂಥದ್ದು), ರಾಜ್ಯದ್ದೋ ಪತ್ತೆ ಮಾಡಬೇಕು. ತಪ್ಪಿದರೆ ಪತ್ರ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಬೆಳಗಿನ ಅರ್ಧ ಗಂಟೆ ಮಕ್ಕಳೆಷ್ಟು, ವಾಹನಗಳೆಷ್ಟು ಎಂದು ಐದು ದಿನ ಎಣಿಸಬೇಕು. ಸ್ಥಳೀಯ ಕೌನ್ಸಿಲಿನ ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ, ಹಾಗಾಗಿ ಬೇಡಿಕೆ ಮೊದಲ ವಾಕ್ಯದಲ್ಲೇ ಇರಬೇಕು, ಎಣಿಕೆ ಎರಡನೆಯದರಲ್ಲಿ. ಕೌನ್ಸಿಲ್ ಒಪ್ಪದಿದ್ದರೂ ಅಂಕ ಕಡಿತವಾಗಬಾರದು. ಅಧಿಕಾರ ಯಾರ ಕೈಯಲ್ಲಿತ್ತು, ಅವರು ಕೊಟ್ಟ ಕಾರಣವೇನು ಎಂದು ಮಗು ಸರಿಯಾಗಿ ಬರೆದಿದೆಯೇ ಎಂಬುದಕ್ಕೆ ಅಂಕ ಹೋಗಲಿ.